ಇಪ್ಪತ್ತನಾಲ್ಕು ಚುಕ್ಕಿ, ಇಪ್ಪತ್ತನಾಲ್ಕು ಸಾಲು

ಸೆಂದಾಯಿಯಿಂದ ನನ್ನನ್ನು ಕಳಿಸಿದ್ದು
ಹಳೆಯ ಯಂತ್ರವೊಂದರ ಬಾಯಿಂದ
ಊರಿನ ಹೆಸರುಗಳನ್ನೆಲ್ಲ ಬಿಡಿಸಿಕೊಂಡು
ಹೊಸದರ ಕೈಗೆ ಕೊಡಲಿಕ್ಕೆ.
ಕಡಲ ಬದಿಯ ಪುರಸಭೆ, ಎರಡನೆಯ ಮಹಡಿ,
ಒಂಬತ್ತು ಸಾವಿರದ ನಾನೂರ ಹನ್ನೆರಡು ಹೆಸರು.

ಯಂತ್ರ ನನಗಿಂತ ಆರು ವರ್ಷ ದೊಡ್ಡದು.
ಅದನ್ನು ಮಾಡಿದ ಕಂಪನಿ ಈಗ
ಅನ್ನದ ಕುಕ್ಕರು ಮಾಡುತ್ತದೆ.
ಪ್ರತಿ ತಿಂಗಳ ಹದಿಮೂರಕ್ಕೆ
ಕುಮಗಾಯಿ ಸೆತ್ಸುಕೊ ಎಂಬ ಗುಮಾಸ್ತೆ
ಮೂರು ಫ್ಲಾಪಿಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ
ಮೊಟ್ಟೆ ಒಯ್ಯುವವರ ಹಾಗೆ
ಬ್ಯಾಂಕಿಗೆ ನಡೆಯುತ್ತಾಳೆ.
ಒಳಗಿರುವುದು ಮುದುಕರ ಭತ್ಯೆ.
ಒಮ್ಮೆ ಹಿಮದಲ್ಲಿ ಜಾರಿದಳಂತೆ.
ಮೊಣಕಾಲು ಮುರಿಯಿತು, ಫ್ಲಾಪಿ ಉಳಿಯಿತು,
ಹಣ ಮಾತ್ರ ಹನ್ನೊಂದು ದಿನ ತಡ.
ಆ ಹನ್ನೊಂದು ದಿನ ಯಾರು ಏನು ತಿಂದರು
ಎಂಬುದಕ್ಕೆ ಯಾವ ಕಡತದಲ್ಲೂ ಕಾಲಂ ಇಲ್ಲ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ,
ನನಗೆ ಹಳತಿನ ಮೇಲೆ ಮಮಕಾರವಿಲ್ಲ.
ಒಂದು ವಿಳಾಸ ಬದಲಿಸಲು ಐದು ನಮೂನೆ, ಮೂರು ಮುದ್ರೆ,
ಒಂದು ಫ್ಯಾಕ್ಸು,
ಫ್ಯಾಕ್ಸು ಬಂತೇ ಎಂದು ಕೇಳಲು ಒಂದು ಫೋನು.
ಸರದಿಯಲ್ಲಿ ಬರೀ ಊರುಗೋಲುಗಳು.

ಮೂರನೆಯ ರಾತ್ರಿ ಹೆಸರುಗಳು ದಾಟತೊಡಗಿದವು.
ಬೆಳಗಾಗುವಷ್ಟರಲ್ಲಿ ಎಲ್ಲವೂ ಆಚೆ ದಡದಲ್ಲಿ,
ಎಪ್ಪತ್ತೊಂದನ್ನು ಬಿಟ್ಟು.
ಅವುಗಳ ಅಕ್ಷರವಿದ್ದಲ್ಲಿ ಎರಡು ದಪ್ಪ ಅಡ್ಡಗೆರೆ.
ನಮ್ಮ ಕಸುಬಿನವರು ಇದಕ್ಕೆ ಗೆತಾ ಎನ್ನುತ್ತೇವೆ:
ಮರದ ಚಪ್ಪಲಿ ಕೆಸರಲ್ಲಿ ಒತ್ತಿದ ಗುರುತು.
ಅಂದರೆ, ಇಲ್ಲಿ ಯಾರೋ ನಿಂತಿದ್ದರು.

ಸೆತ್ಸುಕೊ ಕನ್ನಡಕ ಏರಿಸಿ ನೋಡಿದಳು.
‘ಓ, ಇವು ನನ್ನವು.’
ಕೆಳಗಿನ ಖಾನೆಯಿಂದ ಚೌಕುಳಿ ಕಾಗದದ ಕಟ್ಟು ತೆಗೆದಳು.
ಯಂತ್ರ ಬಂದ ವರ್ಷ ಅದಕ್ಕೆ
ಈ ಊರಿನ ಹಳೆಯ ಮನೆತನಗಳ ಅಕ್ಷರ ಬರುತ್ತಿರಲಿಲ್ಲ.
ಇಪ್ಪತ್ತನಾಲ್ಕು ಚುಕ್ಕಿ, ಇಪ್ಪತ್ತನಾಲ್ಕು ಸಾಲು,
ಯಾವ ಮನೆ ಕಪ್ಪು, ಯಾವ ಮನೆ ಖಾಲಿ,
ಪೆನ್ಸಿಲಿನಲ್ಲಿ ತುಂಬಿ, ಒರೆಸಿ, ಮತ್ತೆ ತುಂಬಿ
ಒಂದೊಂದನ್ನೇ ತಿದ್ದಿಸಿದ್ದಳು ಯಂತ್ರದ ಕೈಲಿ,
ಆಗ ಇಪ್ಪತ್ತಮೂರರ ಹುಡುಗಿ.
ಕಾಗದದ ಮೇಲೆ ಚಹಾದ ಕಲೆ,
ಒಂದರ ಅಂಚಿನಲ್ಲಿ: ಸಂಜೆಗೆ ಮೀನು, ಮೂಲಂಗಿ.

ಹೊಸದರಲ್ಲಿ ಇಡೀ ದೇಶಕ್ಕೆ ಒಂದೇ ಪಟ್ಟಿ.
ಹೋಲುವ ಅಕ್ಷರವಿದೆ, ಒಪ್ಪಿಗೆ ಬೇಕು.
ಅರವತ್ತೆಂಟು ಮನೆಯವರು ಫೋನಿನಲ್ಲೇ ಹೂಂ ಅಂದರು.
ಇಬ್ಬರು ಎಂದೋ ತೀರಿಹೋಗಿದ್ದರು,
ಯಂತ್ರಕ್ಕೆ ಯಾರೂ ಹೇಳಿರಲಿಲ್ಲ.
ಉಳಿದವಳು ಕಾವಾನಬೆ ತೊಯೊ, ಎಂಬತ್ತೊಂಬತ್ತು.

ಗುಡ್ಡದ ಮೇಲಿನ ಮನೆ, ಸುನಾಮಿಯ ಮೇಲೆ ಕಟ್ಟಿದ್ದು.
ಅಂಗಳದಲ್ಲಿ ಕಡಲಪಾಚಿ ಒಣಹಾಕುತ್ತಿದ್ದಳು.
ನಾನು ಟ್ಯಾಬ್ಲೆಟ್ಟು ಹಿಡಿದೆ, ಅಕ್ಷರ ಎರಡೂ ಪಕ್ಕಪಕ್ಕ.
ಬೆ ಅಂದರೆ ಅಂಚು, ದಡ.
ಅವಳ ದಡಕ್ಕೆ ಗೆರೆ ಒಂದು ಹೆಚ್ಚು.

ಬಹಳ ಹೊತ್ತು ನೋಡಿದಳು.
ಬೈಯುತ್ತಾಳೆ ಅಂದುಕೊಂಡೆ.
ಭಾಷಣದಂಥದ್ದೇನಾದರೂ ಬರಬಹುದೆಂದು ತಲೆ ತಗ್ಗಿಸಿದ್ದೆ.
‘ಈ ಗೆರೆ ಗಂಡನ ಮನೆಯವರದ್ದು.
ಬಂದ ಹೊಸತರಲ್ಲಿ ಇದನ್ನು ಮರೆತು ಮರೆತು
ಅತ್ತೆಯ ಕೈಲಿ ಎಷ್ಟು ಬೈಸಿಕೊಂಡೆ!
ಗೋರಿಕಲ್ಲಿನಲ್ಲಿ ಸರಿಯಾಗಿ ಕೆತ್ತಿಸಿದ್ದೇನೆ,
ಅವರಿಗೆ ಅಷ್ಟು ಸಾಕು.
ದುಡ್ಡಿಗೆ ಗಿಡ್ಡದ್ದೇ ಇರಲಿ.
ಇನ್ನು ನಾನು ಗುಡ್ಡ ಇಳಿಯಬೇಕಿಲ್ಲ ತಾನೆ?’

ಬೇಕಿಲ್ಲ ಅಜ್ಜಿ, ಎಂದೆ.

ಒದ್ದೆ ಬೆರಳನ್ನು ಏಪ್ರನ್ನಿಗೆ ಒರೆಸಿ ಗಾಜಿನ ಮೇಲೆ ಸಹಿ ಮಾಡಿದಳು.
ಎಪ್ಪತ್ತು ವರ್ಷದ ರೂಢಿ, ಆ ಗೆರೆ ತಾನಾಗಿ ಬಿತ್ತು.
ಇಬ್ಬರೂ ನೋಡಿದೆವು. ಯಾರೂ ಅಳಿಸಲಿಲ್ಲ.
ಯಂತ್ರ ಅದನ್ನು ಚಿತ್ರವೆಂದು ಬಗೆದು
ತೆಪ್ಪಗೆ ಒಳಗಿಟ್ಟುಕೊಂಡಿತು.

ಮುಂದಿನ ತಿಂಗಳು ಹಣ ತಾನೇ ಗುಡ್ಡ ಹತ್ತಿತು.
ಹದಿಮೂರರಂದು ಸೆತ್ಸುಕೊ
ಬರಿಗೈಯಲ್ಲಿ ಬ್ಯಾಂಕಿನ ತನಕ ನಡೆದು
ಬಾಗಿಲು ಮುಟ್ಟಿ ವಾಪಸು ಬಂದಳಂತೆ.
ಏಕೆಂದು ಕೇಳಿದೆ.
ಮೊಣಕಾಲಿಗೆ ಒಳ್ಳೆಯದು, ಎಂದಳು.